ಇದ್ದಿಲಾದ ಸುರುಳಿಯಿಂದ ರೋಮ್ ಇತಿಹಾಸ: ಏನು ಸಿಕ್ಕಿದೆ, ಹೇಗೆ ಸಿಕ್ಕಿತು, ಎಷ್ಟು ನಂಬಬೇಕು

ಪ್ರಶ್ನೆ: ವೆಸೂವಿಯಸ್ ಜ್ವಾಲಾಮುಖಿಯಲ್ಲಿ ಸುಟ್ಟು ಇದ್ದಿಲಾದ ಪಪೈರಸ್ (ಜೊಂಡಿನಿಂದ ಮಾಡಿದ ಹಾಳೆ) ಸುರುಳಿಗಳನ್ನು ಬಿಚ್ಚದೆಯೇ ಕೃತಕ ಬುದ್ಧಿಮತ್ತೆಯ ಸಹಾಯದಿಂದ ಓದಿದ್ದಾರೆ ಎಂಬ ಸುದ್ದಿ ನೋಡಿದೆ. ರೋಮನ್ ಲೇಖಕ ಹಿರಿಯ ಸೆನೆಕಾ ಬರೆದಿದ್ದ, ಕಳೆದುಹೋಗಿದ್ದ ರೋಮ್ ಇತಿಹಾಸವೂ ಇದೇ ಸುರುಳಿಗಳಲ್ಲಿ ಸಿಕ್ಕಿದೆ ಎಂದು ಕೇಳಿದೆ. ಈ ಕೆಲಸ ಹಂತ ಹಂತವಾಗಿ ಹೇಗೆ ನಡೆಯುತ್ತದೆ? ಯಂತ್ರ ಓದಿ ಹೇಳಿದ್ದನ್ನು ಇತಿಹಾಸದ ವಿದ್ಯಾರ್ಥಿಗಳು ಎಷ್ಟರಮಟ್ಟಿಗೆ ನಂಬಬಹುದು? ರೋಮನ್ ಇತಿಹಾಸಕಾರ ಲಿವಿಯ ಕಳೆದುಹೋದ ಸಂಪುಟಗಳೂ ಮುಂದೊಂದು ದಿನ ಸಿಗಬಹುದೇ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಸೇರಿಕೊಂಡಿವೆ. ಪತ್ರಿಕೆಗಳೂ ಇವನ್ನು ಒಟ್ಟಿಗೇ ಬರೆಯುವುದರಿಂದ ಅದು ಸಹಜವೇ. ಆದರೆ ಮೊದಲು ಬೇರ್ಪಡಿಸಿಕೊಳ್ಳೋಣ. ಸೆನೆಕಾನ ಇತಿಹಾಸವನ್ನು ಗುರುತಿಸಿದ್ದು ಕೃತಕ ಬುದ್ಧಿಮತ್ತೆಯಲ್ಲ. ಅದು ಬಹಳ ಹಿಂದೆಯೇ ಕೈಯಿಂದ ಬಿಚ್ಚಿದ್ದ ಒಂದು ಸುರುಳಿ. ಅದನ್ನು ಸೂಕ್ಷ್ಮದರ್ಶಕ ಮತ್ತು ಅವಗೆಂಪು (ಇನ್‌ಫ್ರಾರೆಡ್) ಛಾಯಾಚಿತ್ರಗಳನ್ನು ಇಟ್ಟುಕೊಂಡು ಮನುಷ್ಯರ ಕಣ್ಣೇ ಓದಿತು. ವೆಸೂವಿಯಸ್‌ನಲ್ಲಿ ಸುಟ್ಟ, ಬಿಚ್ಚದೆ ಓದಿದ ಸುರುಳಿಗಳಿಂದ ಈವರೆಗೆ ಹೊರಬಂದಿರುವ ಹೇಳಿಕೊಳ್ಳುವಂಥ ಪಠ್ಯವೆಲ್ಲ ಗ್ರೀಕ್ ತತ್ತ್ವಶಾಸ್ತ್ರ. ಎರಡರ ದಾರಿಯೂ ಬೇರೆ, ತಪ್ಪಾಗುವ ಜಾಗಗಳೂ ಬೇರೆ.

ಎರಡಕ್ಕೂ ಸಾಮಾನ್ಯವಾದ ಒಂದು ಮಾತಿದೆ. ಮಸಿಯನ್ನು ಕಾಣುವಂತೆ ಮಾಡುವುದೇ ಇಲ್ಲಿನ ದೊಡ್ಡ ಕಷ್ಟ ಎಂದು ಹೊರಗಿನವರು ತಿಳಿಯುತ್ತಾರೆ. ಮಸಿ ಕಷ್ಟವೇ, ಆದರೆ ಅದಕ್ಕಿಂತ ಕಷ್ಟದ್ದು ಪದರ. ಯಾವ ಅಕ್ಷರ ಯಾವ ಪದರದ್ದು, ಆ ಪದರ ಯಾವ ಸುತ್ತಿನದು ಎನ್ನುವುದು ತಪ್ಪಿದರೆ, ಒಂದೊಂದು ಅಕ್ಷರವನ್ನೂ ಸರಿಯಾಗಿ ಓದಿಯೂ ಯಾರೂ ಬರೆಯದ ವಾಕ್ಯವೊಂದು ಸೃಷ್ಟಿಯಾಗುತ್ತದೆ. ತತ್ತ್ವಶಾಸ್ತ್ರದ ಗ್ರಂಥದಲ್ಲಿ ವಾದದ ಓಟವೇ ಇಂಥ ತಪ್ಪನ್ನು ತೋರಿಸಿಕೊಡಬಹುದು. ಇತಿಹಾಸದಲ್ಲಿ ಹಾಗಿಲ್ಲ. ಒಂದು ಹೆಸರು, ಒಂದು ಊರು, ಒಂದು ಕ್ರಿಯಾಪದ ಪಕ್ಕಪಕ್ಕ ಬಂದರೆ ಸಾಕು, ನಡೆಯದೇ ಇದ್ದ ಘಟನೆಯೊಂದು ಹುಟ್ಟಿಬಿಡುತ್ತದೆ.

ಈಗ ಸುರುಳಿಗಳ ವಿಷಯ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಸ್ಫೋಟಿಸಿದಾಗ ನೇಪಲ್ಸ್ ಬಳಿಯ ಹರ್ಕ್ಯುಲೇನಿಯಂ ಪಟ್ಟಣ ಬಿಸಿ ಅನಿಲ ಮತ್ತು ಬೂದಿಯ ಪ್ರವಾಹದಡಿ ಹೂತುಹೋಯಿತು. ಊರ ಹೊರಗಿದ್ದ ಒಂದು ಶ್ರೀಮಂತ ಬಂಗಲೆಯ ಗ್ರಂಥಸಂಗ್ರಹವೂ ಅದರ ಜೊತೆ ಮುಳುಗಿತು. ಆಮ್ಲಜನಕವಿಲ್ಲದ ಕಡೆ ಬಿಸಿ ತಗುಲಿದ್ದರಿಂದ ಸುರುಳಿಗಳು ಉರಿದು ಬೂದಿಯಾಗಲಿಲ್ಲ, ಇದ್ದಿಲಾಗಿ ಉಳಿದವು. ಇಟಲಿಯ ಹವೆಯಲ್ಲಿ ಸಾಮಾನ್ಯ ಪಪೈರಸ್ ಎರಡು ಸಾವಿರ ವರ್ಷ ಬಾಳುವುದಿಲ್ಲ, ತೇವಕ್ಕೆ ಕೊಳೆತುಹೋಗುತ್ತದೆ. ಇವು ಉಳಿದದ್ದು ಸುಟ್ಟದ್ದರಿಂದಲೇ. 1752ರಲ್ಲಿ ಸುರಂಗ ಕೊರೆದು ಅಗೆಯುವಾಗ ಮೊದಲ ಸುರುಳಿಗಳು ಸಿಕ್ಕವು. ಇಂದು ಪಟ್ಟಿಯಲ್ಲಿ ಸುಮಾರು 1,800 ಸಂಖ್ಯೆಗಳಿವೆ. ಆದರೆ ಅಷ್ಟು ಗ್ರಂಥಗಳಿವೆ ಎಂದು ಇದರರ್ಥವಲ್ಲ. ಒಂದೇ ಸುರುಳಿಯ ಚೂರುಗಳು ಹಲವು ಸಂಖ್ಯೆಗಳಡಿ ಹಂಚಿಹೋಗಿವೆ. ಬಹುಪಾಲು ಗ್ರೀಕ್, ಅದರಲ್ಲೂ ಎಪಿಕ್ಯೂರಿಯನ್ (ಸುಖವೇ ಬದುಕಿನ ಗುರಿ ಎಂದ ಎಪಿಕ್ಯೂರಸ್‌ನ ಪಂಥದ) ತತ್ತ್ವಜ್ಞಾನಿ ಫಿಲೊಡೀಮಸ್‌ನ ಕೃತಿಗಳೇ ಹೆಚ್ಚು. ಲ್ಯಾಟಿನ್ ಸುರುಳಿಗಳು ಕಡಿಮೆ, ಇರುವವುಗಳ ಸ್ಥಿತಿಯೂ ಸಾಮಾನ್ಯವಾಗಿ ಗ್ರೀಕ್ ಸುರುಳಿಗಳಿಗಿಂತ ಕೆಟ್ಟದು.

ಆರಂಭದಲ್ಲಿ ಅವನ್ನು ತೆರೆದ ರೀತಿಯನ್ನು ತಿಳಿಯದೆ ಇಂದಿನ ಯಾವ ಪಠ್ಯವೂ ಅರ್ಥವಾಗುವುದಿಲ್ಲ. ಮೊದಮೊದಲು ಸುರುಳಿಯನ್ನು ಉದ್ದಕ್ಕೆ ಸೀಳಿ ಎರಡು ಹೋಳು ಮಾಡುತ್ತಿದ್ದರು. ಹೊರಗಿನ ಸುತ್ತುಗಳು ದೋಣಿಯಾಕಾರದ ತೊಗಟೆಯಾಗಿ ಬೇರಾಗುತ್ತಿದ್ದವು, ನಡುವಿನ ತಿರುಳು ಪ್ರತ್ಯೇಕವಾಗುತ್ತಿತ್ತು. ತೊಗಟೆಯ ಒಳಮೈಯಲ್ಲಿ ಕಾಣುವ ಪದರದ ಚಿತ್ರ ಬರೆದುಕೊಂಡು, ಅದನ್ನು ಕೆರೆದು ತೆಗೆದು, ಮುಂದಿನ ಪದರದ ಚಿತ್ರ ಬರೆಯುತ್ತಿದ್ದರು. ಅಂದರೆ ಓದುವ ಕ್ರಿಯೆಯೇ ಮೂಲವನ್ನು ನಾಶಮಾಡುತ್ತಿತ್ತು. ಹಲವು ಕಡೆ ಇಂದು ನಮಗೆ ಉಳಿದಿರುವುದು ಆ ರೇಖಾಚಿತ್ರ ಮಾತ್ರ. 1753ರಲ್ಲಿ ವ್ಯಾಟಿಕನ್‌ನಿಂದ ಬಂದ ಪಾದ್ರಿ ಆಂಟೋನಿಯೊ ಪಿಯಾಜಿಯೊ ಇದಕ್ಕೊಂದು ಯಂತ್ರ ಮಾಡಿದರು. ಸುರುಳಿಯ ಹೊರ ಅಂಚಿನ ಬೆನ್ನಿಗೆ ಪ್ರಾಣಿಗಳ ಕರುಳಿನ ತೆಳು ಪೊರೆಯನ್ನು ಅಂಟಿಸಿ, ಅದಕ್ಕೆ ರೇಷ್ಮೆ ದಾರ ಕಟ್ಟಿ, ಸುರುಳಿ ತನ್ನ ಭಾರದಿಂದಲೇ ನಿಧಾನವಾಗಿ ಬಿಚ್ಚಿಕೊಳ್ಳುವಂತೆ ತೂಗುಹಾಕುವುದು. ದಿನಕ್ಕೆ ಕೆಲವೇ ಮಿಲಿಮೀಟರ್ ಮುಂದುವರಿಯುತ್ತಿತ್ತು. ಆದರೂ ಇದು ಅತ್ಯುತ್ತಮ ವಿಧಾನವಾಗಿ ನೂರು ವರ್ಷಕ್ಕೂ ಹೆಚ್ಚು ಕಾಲ ನಿಂತಿತು. ನಡುವೆ ರಸಾಯನಶಾಸ್ತ್ರಜ್ಞ ಹಂಫ್ರಿ ಡೇವಿ ಕ್ಲೋರಿನ್ ಬಳಸಿ ನೋಡಿದರು, ಹೆಚ್ಚಿನ ಫಲ ಸಿಗಲಿಲ್ಲ.

ಯಂತ್ರದಿಂದ ಬಿಚ್ಚಿದರೂ ಪದರಗಳು ಯಾವಾಗಲೂ ಒಂದೊಂದಾಗಿ ಬೇರಾಗುವುದಿಲ್ಲ. ಒಂದು ಪದರದ ಚೂರು ಮೇಲಿನ ಅಥವಾ ಕೆಳಗಿನ ಪದರಕ್ಕೆ ಅಂಟಿಕೊಂಡು ಹೋಗುತ್ತದೆ. ಕಣ್ಣಿಗೆ ಒಂದೇ ಪುಟದಂತೆ ಕಾಣುವ ಮೇಲ್ಮೈಯಲ್ಲಿ ಎರಡು ಮೂರು ಸುತ್ತುಗಳ ಅಕ್ಷರಗಳು ಕಲೆತಿರುತ್ತವೆ. ಬಣ್ಣವೆಲ್ಲ ಕಪ್ಪೇ ಆದ್ದರಿಂದ ಅಂಚು ಕಾಣುವುದಿಲ್ಲ. ಓರೆ ಬೆಳಕು ಬಿಟ್ಟು ಸೂಕ್ಷ್ಮದರ್ಶಕದಲ್ಲಿ ಎತ್ತರದ ವ್ಯತ್ಯಾಸ ನೋಡಿ, ಈ ಮೂರು ಅಕ್ಷರ ಇಲ್ಲಿಯವಲ್ಲ, ಒಂದು ಸುತ್ತು ಮುಂದಿನವು ಎಂದು ಗುರುತಿಸಬೇಕು. ಹಾಗೆ ಗುರುತಿಸಿದ ಚೂರನ್ನು ಅದರ ನಿಜವಾದ ಜಾಗಕ್ಕೆ ಲೆಕ್ಕ ಹಾಕಿ ಸರಿಸಬೇಕು.

ಆ ಲೆಕ್ಕ ಸರಳವೇ. ಸುರುಳಿಯ ಒಂದು ಸುತ್ತಿನಿಂದ ಒಳಗಿನ ಸುತ್ತಿಗೆ ಪದರಗಳ ನಡುವಿನ ಅಂತರ 0.25 ಮಿ.ಮೀ. ಇದೆ ಎಂದಿಟ್ಟುಕೊಳ್ಳಿ. ಆಗ ಪ್ರತಿ ಸುತ್ತಿನ ಸುತ್ತಳತೆ ಹಿಂದಿನದಕ್ಕಿಂತ 2 × 3.14 × 0.25, ಅಂದರೆ ಸುಮಾರು 1.57 ಮಿ.ಮೀ. ಕಡಿಮೆಯಾಗುತ್ತ ಹೋಗಬೇಕು. ಬಿಚ್ಚಿದ ಹಾಳೆಯಲ್ಲಿ ಒಂದೇ ಬಿರುಕು ಅಥವಾ ಒಂದೇ ತೂತು ಪದೇ ಪದೇ ಕಾಣಿಸುತ್ತದೆ, ಏಕೆಂದರೆ ಅದು ಎಲ್ಲ ಸುತ್ತುಗಳನ್ನೂ ತೂರಿಹೋದ ಗಾಯ. ಆ ಬಿರುಕುಗಳ ನಡುವಿನ ದೂರವೇ ಸುತ್ತಳತೆ. ದೂರ ಕ್ರಮವಾಗಿ ಕುಗ್ಗುತ್ತಿದ್ದರೆ ಚೂರುಗಳ ಕ್ರಮ ಸರಿ. ಒಂದು ಕಡೆ ಏಕಾಏಕಿ ಜಿಗಿದರೆ ನಡುವೆ ಏನೋ ಕಳೆದಿದೆ, ಅಥವಾ ಚೂರುಗಳು ಅದಲುಬದಲಾಗಿವೆ. ಸುರುಳಿಯ ಒಟ್ಟು ಉದ್ದವನ್ನು ಅಂದಾಜಿಸುವುದೂ ಇದೇ ಲೆಕ್ಕದಿಂದ.

ಸೆನೆಕಾ ಪ್ರಕರಣ ಇಂಥ ಒಂದು ಹಳೆಯ ಸುರುಳಿಯದು. ನೇಪಲ್ಸ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿರುವ ಅದರ ಸಂಖ್ಯೆ ಪಿ.ಹರ್ಕ್. (ಹರ್ಕ್ಯುಲೇನಿಯಂ ಪಪೈರಸ್ ಎಂಬುದರ ಸಂಕ್ಷೇಪ) 1067. ಲ್ಯಾಟಿನ್ ಎಂಬುದು ಗೊತ್ತಿತ್ತು. ಚಕ್ರವರ್ತಿಯ ಸಮ್ಮುಖದಲ್ಲಿ ಸೆನೆಟ್‌ನಲ್ಲಿ ಮಾಡಿದ ಯಾವುದೋ ಭಾಷಣ ಇರಬಹುದೆಂದು ವಿದ್ವಾಂಸರು ಎಣಿಸಿದ್ದರು. 2017ರಲ್ಲಿ ಇಟಲಿಯ ಪಪೈರಸ್ ತಜ್ಞೆ ವಲೇರಿಯಾ ಪಿಯಾನೊ ಅದನ್ನು ಹೊಸದಾಗಿ ಓದಿ ಪ್ರಕಟಿಸಿದರು. ಸುರುಳಿಯ ಕೊನೆಯ ಚೂರಿನಲ್ಲಿ ಲೂಸಿಯಸ್ ಅನ್ನೇಯಸ್ ಸೆನೆಕಾ ಎಂಬ ಕರ್ತೃವಿನ ಹೆಸರೂ, 'ಅಂತರ್ಯುದ್ಧಗಳ ಆರಂಭದಿಂದ' ಎಂಬ ಗ್ರಂಥದ ಹೆಸರೂ ಇರುವುದನ್ನು ತೋರಿಸಿದರು. ಹಿರಿಯ ಸೆನೆಕಾ ಹುಟ್ಟಿದ್ದು ಕ್ರಿ.ಪೂ. 54ರ ಸುಮಾರಿಗೆ, ಇಂದಿನ ಸ್ಪೇನ್‌ನ ಕಾರ್ಡೊಬಾದಲ್ಲಿ. ತೀರಿಕೊಂಡದ್ದು ಕ್ರಿ.ಶ. 39ರ ಆಸುಪಾಸಿನಲ್ಲಿ. ತತ್ತ್ವಜ್ಞಾನಿ ಸೆನೆಕಾನ ತಂದೆ. ಭಾಷಣಕಲೆಯ ಕುರಿತ ಅವನ ಕೃತಿ ನಮಗೆ ಉಳಿದಿದೆ, ಇತಿಹಾಸ ಉಳಿದಿರಲಿಲ್ಲ.

ಹೆಸರು ಗ್ರಂಥದ ಕೊನೆಯಲ್ಲಿ ಏಕೆ? ಸುರುಳಿಯ ಆರಂಭ ಹೊರಭಾಗದಲ್ಲಿರುತ್ತದೆ, ಅಂತ್ಯ ಎಲ್ಲಕ್ಕಿಂತ ಒಳಗೆ. ಹೊರಭಾಗ ಕೈ ತಾಗಿ ಸವೆಯುವ ಜಾಗ, ಆದ್ದರಿಂದ ಲಿಪಿಕಾರರು ಕೊನೆಯಲ್ಲಿ ಮರೆಯದೆ ಹೆಸರು ಬರೆಯುತ್ತಿದ್ದರು. ನಮ್ಮ ಓಲೆಗರಿ ಕಟ್ಟುಗಳಲ್ಲಿ ಕೃತಿಯ ಹೆಸರನ್ನು ಕೊನೆಯ ಗರಿಗಳಲ್ಲಿ ಹುಡುಕಿ ಅಭ್ಯಾಸವಿರುವವರಿಗೆ ಇದು ಹೊಸದಲ್ಲ. ಹರ್ಕ್ಯುಲೇನಿಯಂನಲ್ಲಿ ಹೊರಗಿನ ತೊಗಟೆ ಹೆಚ್ಚು ಸುಟ್ಟಿತು, ಆಮೇಲೆ ಬಿಚ್ಚುವವರ ಕೈಯಲ್ಲಿ ಹಾಳಾಯಿತು. ನಡುವಿನ ತಿರುಳು ಉಳಿಯಿತು. ಹಾಗಾಗಿ ಒಂದು ಗ್ರಂಥದ ಮುಕ್ಕಾಲು ಭಾಗ ಹೋದರೂ ಅದರ ಹೆಸರು ಉಳಿದಿರುವ ಸಾಧ್ಯತೆ ಇದೆ. ಕಳೆದುಹೋದ ಕೃತಿಗಳನ್ನು ಹುಡುಕುವವರು ಸುರುಳಿಯ ಗರ್ಭದ ಕಡೆಯ ಕೆಲವು ಸೆಂಟಿಮೀಟರ್‌ಗಳಿಗೆ ಅಷ್ಟು ಬೆಲೆ ಕೊಡುವುದು ಇದಕ್ಕೇ.

ಆದರೆ ತಂದೆ ಮಗ ಇಬ್ಬರ ಹೆಸರೂ ಒಂದೇ. ಹಾಗಾದರೆ ಇದು ತಂದೆಯದೇ ಎಂದು ಹೇಗೆ ಹೇಳುವುದು? ಇಲ್ಲಿ ಹೊರಗಿನ ಸಾಕ್ಷ್ಯ ಬೇಕಾಗುತ್ತದೆ. ಮಗ ತಂದೆಯ ಬದುಕಿನ ಬಗ್ಗೆ ಬರೆದ ಒಂದು ಕೃತಿಯ ಸಣ್ಣ ಭಾಗ ವ್ಯಾಟಿಕನ್‌ನ ಒಂದು ಹಸ್ತಪ್ರತಿಯಲ್ಲಿ, ಅಳಿಸಿ ಮತ್ತೆ ಬರೆದ ಚರ್ಮದ ಹಾಳೆಗಳ ಅಡಿಬರಹವಾಗಿ ಉಳಿದಿದೆ. ತನ್ನ ತಂದೆ ಅಂತರ್ಯುದ್ಧಗಳ ಆರಂಭದಿಂದ ಹಿಡಿದು ಹೆಚ್ಚುಕಡಿಮೆ ತಾನು ಸಾಯುವ ದಿನದವರೆಗಿನ ಇತಿಹಾಸ ಬರೆದನೆಂದು ಮಗ ಅಲ್ಲಿ ಹೇಳುತ್ತಾನೆ. ಸತ್ಯ ಮೊದಲ ಬಾರಿಗೆ ಹಿಂದೆ ಸರಿದದ್ದು ಆ ಯುದ್ಧಗಳಿಂದಲೇ ಎಂದೂ ಸೇರಿಸುತ್ತಾನೆ. 'ಅಂತರ್ಯುದ್ಧಗಳ ಆರಂಭದಿಂದ' ಎಂಬ ಅದೇ ಪದಗುಚ್ಛ ಸುರುಳಿಯ ತುದಿಯಲ್ಲೂ ಇದೆ. ಒಳಗಿನ ಚೂರುಗಳಲ್ಲಿ ಆಗಸ್ಟಸ್ ಮತ್ತು ಟೈಬೀರಿಯಸ್ ಚಕ್ರವರ್ತಿಗಳ ಕಾಲದ ರಾಜಕೀಯದ ಉಲ್ಲೇಖಗಳಿವೆ. ಒಂದೊಂದೇ ನೋಡಿದರೆ ಯಾವುದೂ ಸಾಲದು, ಮೂರೂ ಸೇರಿದಾಗ ಗುರುತು ಗಟ್ಟಿಯಾಗುತ್ತದೆ.

ಇನ್ನೂ ಒಂದು ವಿಷಯ ನನಗೆ ಬಹಳ ಮುಖ್ಯವೆನಿಸುತ್ತದೆ. ಕರ್ತೃ ಸತ್ತದ್ದು 39ರ ಸುಮಾರಿಗೆ, ಸುರುಳಿ ಹೂತುಹೋದದ್ದು 79ರಲ್ಲಿ. ಅಂದರೆ ಈ ಪ್ರತಿ ಕರ್ತೃವಿನ ಕಾಲಕ್ಕೆ ಹೆಚ್ಚೆಂದರೆ ನಲವತ್ತು ವರ್ಷ ಮಾತ್ರ ದೂರ. ರೋಮನ್ ಇತಿಹಾಸಕಾರರ ಉಳಿದ ಕೃತಿಗಳನ್ನು ನಾವು ಓದುವುದು ಬಹುಮಟ್ಟಿಗೆ ನೂರಾರು ವರ್ಷಗಳ ನಂತರ ಮಠಗಳಲ್ಲಿ ನಕಲಾದ ಪ್ರತಿಗಳಿಂದ.

ಹಾಗೆಂದು ಸೆನೆಕಾನ ಇತಿಹಾಸ ಸಿಕ್ಕಿಬಿಟ್ಟಿತು ಎನ್ನುವಂತಿಲ್ಲ. ಉಳಿದಿರುವುದು ಹರಿದ ಚೂರುಗಳು. ನಿರಂತರ ಕಥನವಾಗಿ ಓದುವ ಪಠ್ಯ ಅದಲ್ಲ. ಇದಕ್ಕೆ ಮೊದಲು ಈ ಕೃತಿಯದೆಂದು ಹೇಳಬಹುದಾಗಿದ್ದ ಉದ್ಧರಣೆಗಳು ಎರಡೇ, ಅವುಗಳ ಬಗ್ಗೆಯೂ ವಾದವಿತ್ತು. ಚಕ್ರವರ್ತಿಗಳ ಜೀವನಚರಿತ್ರೆ ಬರೆದ ಸ್ವೆಟೋನಿಯಸ್ ಹೇಳುವ ಟೈಬೀರಿಯಸ್‌ನ ಸಾವಿನ ಪ್ರಸಂಗ ಒಂದು: ಯಾರಿಗೋ ಕೊಡುವವನಂತೆ ಉಂಗುರ ತೆಗೆದು, ಸ್ವಲ್ಪ ಹೊತ್ತು ಹಿಡಿದುಕೊಂಡು, ಮತ್ತೆ ತೊಟ್ಟು, ಆಳುಗಳನ್ನು ಕರೆದರೆ ಯಾರೂ ಓಗೊಡದೆ, ಎದ್ದವನು ಮಂಚದ ಹತ್ತಿರವೇ ಬಿದ್ದು ಸತ್ತನೆಂದು ಸೆನೆಕಾ ಬರೆಯುತ್ತಾನೆ ಎಂದಿದೆ. ಇನ್ನೊಂದು, ಕ್ರೈಸ್ತ ಲೇಖಕ ಲ್ಯಾಕ್ಟಾಂಟಿಯಸ್ ಉದ್ಧರಿಸುವ, ರೋಮ್‌ನ ಏಳುಬೀಳನ್ನು ಮನುಷ್ಯನ ಬಾಲ್ಯ, ಯೌವನ, ಮುಪ್ಪಿಗೆ ಹೋಲಿಸುವ ಭಾಗ. ಯಾವ ಸೆನೆಕಾ ಎಂಬ ಪ್ರಶ್ನೆ ಎರಡರಲ್ಲೂ ಉಳಿದೇ ಇತ್ತು. ಈ ಸುರುಳಿ ಆ ಪ್ರಶ್ನೆಯನ್ನು ಬಗೆಹರಿಸುವುದಿಲ್ಲ. ಆದರೆ ಇತಿಹಾಸವೆಂಬ ಕೃತಿ ನಿಜಕ್ಕೂ ಪ್ರತಿಯಾಗಿ ಓದುಗರ ಕೈ ಸೇರಿತ್ತು ಎಂಬುದಕ್ಕೆ ಈಗ ವಸ್ತುರೂಪದ ಸಾಕ್ಷಿ ಇದೆ.

ಕಪ್ಪು ಹಾಳೆಯ ಮೇಲಿನ ಕಪ್ಪು ಮಸಿ ಕಂಡದ್ದಾದರೂ ಹೇಗೆ? ಹರ್ಕ್ಯುಲೇನಿಯಂನ ಮಸಿ ಕಾಡಿಗೆ ಮತ್ತು ಗೋಂದಿನದು. ಸಾಮಾನ್ಯ ಬೆಳಕಿನಲ್ಲಿ ಅದೂ ಇದ್ದಿಲಾದ ಪಪೈರಸ್ಸೂ ಒಂದೇ ಕಪ್ಪು. ಆದರೆ ಸುಮಾರು 900ರಿಂದ 1,000 ನ್ಯಾನೊಮೀಟರ್ ತರಂಗದ ಅವಗೆಂಪು ಬೆಳಕಿನಲ್ಲಿ ಪಪೈರಸ್ ಸ್ವಲ್ಪ ಹೆಚ್ಚು ಬೆಳಕನ್ನು ಮರಳಿಸುತ್ತದೆ, ಮಸಿ ಕಪ್ಪಾಗಿಯೇ ಉಳಿಯುತ್ತದೆ. 1999ರಿಂದ ಕೆಲವು ವರ್ಷ ಅಮೆರಿಕದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ತಂಡ ನೇಪಲ್ಸ್‌ನ ಬಿಚ್ಚಿದ ಸುರುಳಿಗಳನ್ನೆಲ್ಲ ಹೀಗೆ ಚಿತ್ರೀಕರಿಸಿತು. ಇದರಲ್ಲೂ ಒಂದು ತೊಡಕಿದೆ. ಅವಗೆಂಪು ಚಿತ್ರ ಎತ್ತರವನ್ನು ತೋರಿಸುವುದಿಲ್ಲ, ಮೂರು ಪದರಗಳ ಅಕ್ಷರಗಳನ್ನೂ ಒಂದೇ ಸಮತಲದಲ್ಲಿ ಸ್ಪಷ್ಟವಾಗಿ ತೋರಿಸುತ್ತದೆ. ಬಿರುಕಿನ ನೆರಳೂ ಮಸಿಯ ಗೆರೆಯಂತೆ ಕಾಣಬಹುದು. ಚಿತ್ರವನ್ನಷ್ಟೇ ನೋಡಿ ಓದಿದವರು ಎಡವುವುದು ಇಲ್ಲೇ. ಮೂಲವನ್ನು ಸೂಕ್ಷ್ಮದರ್ಶಕದಡಿ ನೋಡದೆ ಸಿದ್ಧಪಡಿಸಿದ ಪಠ್ಯವನ್ನು ನಾನಂತೂ ಆಧಾರವಾಗಿ ಬಳಸುವುದಿಲ್ಲ.

ಇನ್ನು ಬಿಚ್ಚದೆ ಓದುವ ವಿಧಾನ. ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದ ಬ್ರೆಂಟ್ ಸೀಲ್ಸ್ ಎರಡು ದಶಕಗಳಿಗೂ ಹೆಚ್ಚು ಕಾಲ ಇದರ ಹಿಂದೆ ಬಿದ್ದವರು. ಮೃತ ಸಮುದ್ರದ ಬಳಿಯ ಏನ್‌ಗೆದಿಯಲ್ಲಿ ಸಿಕ್ಕ ಸುಟ್ಟ ಸುರುಳಿಯನ್ನು ಅವರ ತಂಡ ಈ ರೀತಿ ಓದಿ 2016ರಲ್ಲಿ ವಿವರ ಪ್ರಕಟಿಸಿತು. ಅದು ಬೈಬಲ್‌ನ ಲೇವಿಯ ಕಾಂಡದ ಭಾಗ. ಅಲ್ಲಿನ ಮಸಿ ಎಕ್ಸ್-ರೇಗೆ ಎದ್ದು ಕಂಡಿತು. ಹರ್ಕ್ಯುಲೇನಿಯಂನ ಕಾಡಿಗೆ ಮಸಿ ಹಾಗಲ್ಲ, ಅದೂ ಇಂಗಾಲ, ಹಾಳೆಯೂ ಇಂಗಾಲ. 2023ರಲ್ಲಿ ಸೀಲ್ಸ್ ಜೊತೆ ತಂತ್ರಜ್ಞಾನ ಉದ್ಯಮಿಗಳಾದ ನ್ಯಾಟ್ ಫ್ರೀಡ್‌ಮನ್ ಮತ್ತು ಡೇನಿಯಲ್ ಗ್ರಾಸ್ ಸೇರಿ 'ವೆಸೂವಿಯಸ್ ಚಾಲೆಂಜ್' ಎಂಬ ಬಹುಮಾನದ ಸ್ಪರ್ಧೆ ಆರಂಭಿಸಿದರು. ದತ್ತಾಂಶವನ್ನು ಎಲ್ಲರಿಗೂ ತೆರೆದಿಟ್ಟರು.

ಮೊದಲು ಸುರುಳಿಯ ಹೊರ ಆಕಾರವನ್ನು ಅಳೆದು, ಅದಕ್ಕೆ ಸರಿಯಾಗಿ ಕೂರುವ ಪೆಟ್ಟಿಗೆಯನ್ನು ತ್ರಿಆಯಾಮ ಮುದ್ರಣದಲ್ಲಿ ಮಾಡುತ್ತಾರೆ. ಸ್ಕ್ಯಾನ್ ವೇಳೆ ಸುರುಳಿ ಕೆಲವು ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ) ಅಲುಗಿದರೂ ಚಿತ್ರ ಕದಡುತ್ತದೆ. ಆಸ್ಪತ್ರೆಯ ಸಿಟಿ ಯಂತ್ರ ಇದಕ್ಕೆ ಸಾಲದು. ಇಂಗ್ಲೆಂಡಿನ ಡೈಮಂಡ್, ಫ್ರಾನ್ಸಿನ ಗ್ರೆನೋಬಲ್‌ನಲ್ಲಿರುವ ಐರೋಪ್ಯ ಸಿಂಕ್ರೊಟ್ರಾನ್‌ಗಳಂಥ ಕಣವೇಗವರ್ಧಕ ಕೇಂದ್ರಗಳ ಎಕ್ಸ್-ರೇ ಬೇಕು. ಪ್ಯಾರಿಸ್‌ನ ಇನ್‌ಸ್ಟಿಟ್ಯೂಟ್ ಡಿ ಫ್ರಾನ್ಸ್‌ನಲ್ಲಿರುವ ಸುರುಳಿಯೊಂದರ ಲೆಕ್ಕ ನೋಡಿ. ಒಂದು ಬಿಂದುವಿನ ಅಳತೆ 7.91 ಮೈಕ್ರಾನ್, ಅಡ್ಡಸೀಳು ಚಿತ್ರಗಳು 14,376, ಪ್ರತಿ ಚಿತ್ರ 8,096 × 7,888 ಬಿಂದುಗಳು. 14,376 ಸೀಳುಗಳನ್ನು 7.91 ಮೈಕ್ರಾನ್‌ನಿಂದ ಗುಣಿಸಿದರೆ ಸುಮಾರು 11.4 ಸೆಂ.ಮೀ. ಎತ್ತರ. ಬಿಂದುವಿಗೆ 2 ಬೈಟ್‌ನಂತೆ ದತ್ತಾಂಶ 1.8 ಟೆರಾಬೈಟ್ ದಾಟುತ್ತದೆ.

ಮುಂದಿನದೇ ನಿಜವಾದ ಪರೀಕ್ಷೆ: ಪದರವನ್ನು ಹಿಂಬಾಲಿಸುವುದು. ಅಡ್ಡಸೀಳಿನಲ್ಲಿ ಸುರುಳಿ ಸುತ್ತುಸುತ್ತಾದ ಗೆರೆಯಾಗಿ ಕಾಣುತ್ತದೆ. ಆ ಗೆರೆಯನ್ನು ಒಂದು ಸೀಳಿನಿಂದ ಮುಂದಿನ ಸೀಳಿಗೆ ಬಿಡದೆ ಹಿಡಿದು, ಮೇಲ್ಮೈಯ ಜಾಲ ಕಟ್ಟಬೇಕು. ಮೊದಲು ಇದನ್ನು ಮನುಷ್ಯರು ಕುಳಿತು ಗುರುತು ಹಾಕುತ್ತಿದ್ದರು. ಆಮೇಲೆ ಸ್ವಿಟ್ಜರ್ಲೆಂಡಿನ ಜೂಲಿಯನ್ ಶಿಲ್ಲಿಗರ್ ಅಂಥವರು ತಾನಾಗಿ ಮಾಡುವ ತಂತ್ರಾಂಶ ಬರೆದರು. ಪದರಗಳು ಬಿಡಿಬಿಡಿಯಾಗಿರುವ ಕಡೆ ಕೆಲಸ ಸರಾಗ. ಸುರುಳಿ ಹಿಚುಕಿಹೋದ ಕಡೆ ಹತ್ತಾರು ಪದರಗಳು ಒಂದೇ ಗಟ್ಟಿಯಾಗಿರುತ್ತವೆ. ಅಲ್ಲಿ ಜಾಲ ತನಗೆ ಗೊತ್ತಿಲ್ಲದೆ ಪಕ್ಕದ ಸುತ್ತಿಗೆ ಜಾರುತ್ತದೆ. ಜಾರಿದ ಜಾಗದಿಂದ ಮುಂದೆ ಓದುವುದೆಲ್ಲ ಇನ್ನೊಂದು ಅಂಕಣದ ಪಠ್ಯ.

ಜಾರಿಕೆಯನ್ನು ಹಿಡಿಯಲು ನಾಲ್ಕೈದು ಪರೀಕ್ಷೆಗಳಿವೆ. ಬರೆಯುವ ಮೈಯಲ್ಲಿ ಪಪೈರಸ್ಸಿನ ನಾರು ಅಡ್ಡಡ್ಡ ಹೋಗುತ್ತದೆ, ಬೆನ್ನಿನಲ್ಲಿ ಉದ್ದಕ್ಕೆ. ಚಪ್ಪಟೆ ಮಾಡಿದ ಚಿತ್ರದಲ್ಲಿ ಅಡ್ಡ ನಾರೊಂದು ನಡುವೆ ಕಡಿದು ಬೇರೆ ಎತ್ತರದಲ್ಲಿ ಮುಂದುವರಿದರೆ ಸಂಶಯಪಡಬೇಕು. ಸಾಲುಗಳ ನಡುವಿನ ಅಂತರ ಮತ್ತು ಅಂಕಣದ ಅಗಲ ಒಬ್ಬ ಲಿಪಿಕಾರನಲ್ಲಿ ಬಹುಮಟ್ಟಿಗೆ ಸ್ಥಿರ, ಅದು ಕದಲಬಾರದು. ಹಾಳೆಗೆ ಹಾಳೆ ಅಂಟಿಸಿದ ಕೂಡುಗೆರೆ ಮೇಲಿನಿಂದ ಕೆಳಗೆ ನೇರವಾಗಿ ಇಳಿಯಬೇಕು. ಮೇಲೆ ಹೇಳಿದ ಸುತ್ತಳತೆಯ ಲೆಕ್ಕ ಇಲ್ಲೂ ಕೆಲಸಕ್ಕೆ ಬರುತ್ತದೆ.

ಜಾಲ ಸಿದ್ಧವಾದ ಮೇಲೆ ಅದರ ಎರಡೂ ಕಡೆ 32 ಬಿಂದುಗಳಷ್ಟು ದಪ್ಪವನ್ನು ಸೇರಿಸಿ 65 ಪದರಗಳ ಒಂದು ತೆಳು ದಿಂಡನ್ನು ಚಪ್ಪಟೆಯಾಗಿ ತೆಗೆಯುತ್ತಾರೆ. 65ನ್ನು 7.91ರಿಂದ ಗುಣಿಸಿದರೆ ಸುಮಾರು ಅರ್ಧ ಮಿಲಿಮೀಟರ್. ಇಕ್ಕಟ್ಟಾದ ಕಡೆ ಈ ಅರ್ಧ ಮಿಲಿಮೀಟರ್ ಒಳಗೆ ಪಕ್ಕದ ಸುತ್ತಿನ ಮಸಿಯೂ ಸೇರಿರುತ್ತದೆ ಎಂಬುದನ್ನು ಮರೆಯಬಾರದು.

ಮಸಿಯ ಸುಳಿವು ಸಿಕ್ಕ ಬಗೆ ಸೊಗಸಾದದ್ದು. 1980ರ ದಶಕದಲ್ಲಿ ಪ್ಯಾರಿಸ್‌ನ ಎರಡು ಸುರುಳಿಗಳನ್ನು ಬಿಚ್ಚಲು ಹೋಗಿ ಅವು ನೂರಾರು ಚೂರಾಗಿದ್ದವು. ಆ ಚೂರುಗಳ ಮೇಲಿನ ಅಕ್ಷರ ಅವಗೆಂಪು ಚಿತ್ರದಲ್ಲಿ ಕಾಣುತ್ತದೆ. ಅದೇ ಚೂರನ್ನು ಎಕ್ಸ್-ರೇ ಸ್ಕ್ಯಾನ್ ಮಾಡಿ ಎರಡನ್ನೂ ಒಂದರ ಮೇಲೊಂದು ಕೂರಿಸಿದರೆ, ಎಲ್ಲಿ ಮಸಿ ಇದೆ ಎಂಬ ಉತ್ತರದ ಜೊತೆಗೇ ಯಂತ್ರಕ್ಕೆ ಪಾಠ ಹೇಳಬಹುದು. ಹಾಳಾದದ್ದೇ ಪಠ್ಯಪುಸ್ತಕವಾಯಿತು. 2023ರಲ್ಲಿ ಸ್ಪರ್ಧಿಗಳಲ್ಲೊಬ್ಬರಾದ ಕೇಸಿ ಹ್ಯಾಂಡ್ಮರ್ ಮುಚ್ಚಿದ ಸುರುಳಿಯ ಸ್ಕ್ಯಾನನ್ನು ಬರಿಗಣ್ಣಿನಿಂದಲೇ ಗಂಟೆಗಟ್ಟಲೆ ನೋಡಿ, ಬತ್ತಿದ ಕೆರೆಯಂಗಳದ ಮಣ್ಣಿನಂತೆ ಬಿರುಕುಬಿಟ್ಟ ಸಣ್ಣ ತೇಪೆಗಳನ್ನು ಗುರುತಿಸಿದರು. ಒಣಗಿದ ಮಸಿಯ ಪದರ ಅದು. ಆ ಸುಳಿವಿನಿಂದ ವಿದ್ಯಾರ್ಥಿ ಲ್ಯೂಕ್ ಫ್ಯಾರಿಟರ್ ತನ್ನ ಯಂತ್ರಕ್ಕೆ ತರಬೇತಿ ಕೊಟ್ಟು ಅದೇ ವರ್ಷ ಅಕ್ಟೋಬರ್‌ನಲ್ಲಿ ಮೊದಲ ಪದ ಓದಿದ. ನೇರಳೆ ಬಣ್ಣಕ್ಕೆ ಸಂಬಂಧಿಸಿದ ಗ್ರೀಕ್ ಪದ ಅದು. ಇನ್ನೊಬ್ಬ ಸ್ಪರ್ಧಿ ಯೂಸುಫ್ ನಾದರ್ ಸ್ವತಂತ್ರವಾಗಿ ಅದೇ ಪದವನ್ನು ಇನ್ನೂ ಸ್ಪಷ್ಟವಾಗಿ ತೋರಿಸಿದ. ಇವರಿಬ್ಬರ ಜೊತೆ ಶಿಲ್ಲಿಗರ್ ಸೇರಿ 2,000ಕ್ಕೂ ಹೆಚ್ಚು ಅಕ್ಷರಗಳನ್ನು ಹೊರತಂದರು. 2024ರ ಫೆಬ್ರುವರಿಯಲ್ಲಿ 7 ಲಕ್ಷ ಡಾಲರ್ ಬಹುಮಾನ ಅವರಿಗೆ ಸಂದಿತು. ಅಷ್ಟಾದರೂ ಅದು ಆ ಸುರುಳಿಯ ಸುಮಾರು ಶೇ. 5 ಮಾತ್ರ. ವಿಷಯ ಸಂಗೀತ, ಆಹಾರ, ಸುಖದ ವಿಚಾರ.

ನೀವು ಕೇಳಿದ ನಂಬಿಕೆಯ ಪ್ರಶ್ನೆಗೆ ಇಲ್ಲಿ ಉತ್ತರವಿದೆ. ಯಂತ್ರ ಅಕ್ಷರಗಳನ್ನು ಕಲ್ಪಿಸಿಕೊಂಡರೆ? ಇದನ್ನು ತಡೆಯಲು ಯಂತ್ರ ಒಮ್ಮೆಗೆ ನೋಡುವ ಕಿಟಕಿಯನ್ನು ಬೇಕೆಂದೇ ಚಿಕ್ಕದಾಗಿ ಇಡುತ್ತಾರೆ. ಗೆದ್ದ ತಂಡದ್ದು 64 × 64 ಬಿಂದು, ಅಂದರೆ ಸುಮಾರು ಅರ್ಧ ಮಿ.ಮೀ. ಅಕ್ಷರಗಳು ಅದಕ್ಕಿಂತ ಹಲವು ಪಟ್ಟು ದೊಡ್ಡವು. ಹಾಗಾಗಿ ಯಂತ್ರಕ್ಕೆ ಇಡೀ ಅಕ್ಷರ ಕಾಣುವುದೇ ಇಲ್ಲ. ಈ ಚುಕ್ಕೆಯಲ್ಲಿ ಮಸಿ ಇದೆಯೇ ಇಲ್ಲವೇ ಎಂಬುದನ್ನಷ್ಟೇ ಅದು ಹೇಳುತ್ತದೆ. ಅಕ್ಷರವಾಗಿ ಓದುವುದು ಪಪೈರಸ್ ತಜ್ಞರು, ಅದೂ ಒಬ್ಬರಿಗೊಬ್ಬರು ಹೇಳಿಕೊಳ್ಳದೆ ಬೇರೆ ಬೇರೆಯಾಗಿ. ಕಿಟಕಿ ದೊಡ್ಡದಾದಷ್ಟೂ ಚಿತ್ರ ಅಂದವಾಗಿ ಬರುತ್ತದೆ, ಅಪಾಯವೂ ಅಷ್ಟೇ ಬೆಳೆಯುತ್ತದೆ. ಈವರೆಗಿನ ತರಬೇತಿ ಸಾಮಗ್ರಿ ಬಹುಪಾಲು ಗ್ರೀಕ್. ದೊಡ್ಡ ಕಿಟಕಿಯಿಂದ ಗ್ರೀಕ್ ಅಕ್ಷರದ ಆಕಾರ ಕಲಿತ ಯಂತ್ರದ ಕೈಗೆ ಲ್ಯಾಟಿನ್ ಸುರುಳಿ ಕೊಟ್ಟರೆ ಅದು ಗ್ರೀಕ್ ಅಕ್ಷರಗಳನ್ನೇ ಮೂಡಿಸುವ ಭಯವಿದೆ. ಆದ್ದರಿಂದ ಲ್ಯಾಟಿನ್ ಇತಿಹಾಸವೊಂದು ಹೀಗೆ ಹೊರಬಂದರೆ ನಾನು ಮೊದಲು ವಿಚಾರಿಸುವುದು ಕಿಟಕಿಯ ಅಳತೆಯನ್ನು.

ಲ್ಯಾಟಿನ್‌ನಲ್ಲಿ ಇನ್ನೂ ಒಂದು ತೊಂದರೆ. ಆ ಕಾಲದ ಗ್ರಂಥಲಿಪಿಯಲ್ಲಿ E, F, I, L, P, T ಎಂಬ ಆರು ಅಕ್ಷರಗಳು ನೆಟ್ಟಗಿನ ಒಂದು ಗೆರೆಗೆ ಚಿಕ್ಕ ಅಡ್ಡಗೀಟುಗಳನ್ನು ಸೇರಿಸಿದಂತಿರುತ್ತವೆ. ಅಡ್ಡಗೀಟು ಉದುರಿದರೆ ಯಾವುದು ಯಾವುದೋ. ರೋಮನ್ನರ ಮೊದಲ ಹೆಸರುಗಳನ್ನು ಒಂದೆರಡು ಅಕ್ಷರದಲ್ಲೇ ಬರೆಯುತ್ತಿದ್ದರಿಂದ, ಒಂದು ಗೀಟು ತಪ್ಪಿದರೆ ಅಣ್ಣನ ಯುದ್ಧ ತಮ್ಮನದಾಗುತ್ತದೆ. ಪದಗಳ ನಡುವೆ ಚುಕ್ಕೆ ಇಡುವ ರೂಢಿ ಇದ್ದದ್ದೊಂದು ಅನುಕೂಲ. ಗ್ರೀಕ್ ಸುರುಳಿಗಳಲ್ಲಿ ಪದಗಳನ್ನು ಬಿಡಿಸಿ ಬರೆಯುತ್ತಿರಲಿಲ್ಲ.

ಮುದ್ರಿತ ಆವೃತ್ತಿ ಕೈಗೆ ಬಂದಾಗ ಮಾಡಬೇಕಾದದ್ದು ಇದು. ಅಕ್ಷರದ ಕೆಳಗೆ ಚುಕ್ಕೆ ಇದ್ದರೆ ಓದು ಅನಿಶ್ಚಿತ. ಚೌಕ ಆವರಣದೊಳಗಿನದು ಸುರುಳಿಯಲ್ಲಿ ಇಲ್ಲವೇ ಇಲ್ಲ, ಸಂಪಾದಕರು ಊಹಿಸಿ ತುಂಬಿದ್ದು. 1931ರಲ್ಲಿ ಲೈಡನ್‌ನಲ್ಲಿ ಒಪ್ಪಿದ ಚಿಹ್ನೆಗಳಿವು, ಇಂದಿಗೂ ಚಾಲ್ತಿಯಲ್ಲಿವೆ. ಅನುವಾದಗಳಲ್ಲಿ ಈ ಚಿಹ್ನೆಗಳು ಮಾಯವಾಗುವುದರಿಂದ ಊಹೆಯೂ ಸಾಕ್ಷ್ಯವೂ ಒಂದೇ ಬಣ್ಣದಲ್ಲಿ ಕಾಣುತ್ತವೆ. ಪ್ರಬಂಧದಲ್ಲಿ ವಾದ ಕಟ್ಟುವಾಗ ಆವರಣದ ಹೊರಗಿನ, ಚುಕ್ಕೆಯಿಲ್ಲದ ಅಕ್ಷರಗಳನ್ನು ಮಾತ್ರ ಓದಿ ನೋಡಿ. ವಾದ ಆಗಲೂ ನಿಂತರೆ ಬರೆಯಿರಿ. ಸೆನೆಕಾನ ಚೂರುಗಳನ್ನು ಇಂತಹ ಘಟನೆ ನಡೆಯಿತು ಎನ್ನಲು ಬಳಸಬೇಡಿ. ಆ ಪ್ರಕಾರದ ಬರವಣಿಗೆ, ಶೈಲಿ, ಪ್ರಸಾರ ಇವುಗಳ ಬಗ್ಗೆ ಮಾತಾಡಲು ಬಳಸಿ.

ಲಿವಿಯ ವಿಷಯಕ್ಕೆ ಬರೋಣ. ಅವನು ಬರೆದದ್ದು 142 ಪುಸ್ತಕ, ಉಳಿದದ್ದು 35: ಒಂದರಿಂದ ಹತ್ತು, ಇಪ್ಪತ್ತೊಂದರಿಂದ ನಲವತ್ತೈದು. ಕಳೆದುಹೋದವು ಬಹುಮಟ್ಟಿಗೆ ಹಳೆಯ ಸಾರಾಂಶಗಳಿಂದ ಮಾತ್ರ ಗೊತ್ತು. ಪಪೈರಸ್ ಇಲ್ಲೂ ನೆರವಾಗಿದೆ, ಆದರೆ ಇಟಲಿಯಲ್ಲಲ್ಲ, ಈಜಿಪ್ಟಿನ ಒಣಮರಳಿನಲ್ಲಿ. ಆಕ್ಸಿರಿಂಕಸ್‌ನ ತಿಪ್ಪೆಗಳಲ್ಲಿ ಬ್ರಿಟಿಷ್ ವಿದ್ವಾಂಸರಾದ ಗ್ರೆನ್‌ಫೆಲ್ ಮತ್ತು ಹಂಟ್ ಅಗೆದು ತೆಗೆದ ಸುರುಳಿಯೊಂದರಲ್ಲಿ 37ರಿಂದ 40 ಮತ್ತು 48ರಿಂದ 55ನೇ ಪುಸ್ತಕಗಳ ಲ್ಯಾಟಿನ್ ಸಾರಾಂಶವಿದೆ. 1904ರಲ್ಲಿ ಪ್ರಕಟವಾಯಿತು. ಅದರ ಬೆನ್ನಿನಲ್ಲಿ ಯಾರೋ ಹೊಸ ಒಡಂಬಡಿಕೆಯ ಇಬ್ರಿಯರಿಗೆ ಬರೆದ ಪತ್ರಿಕೆಯನ್ನು ಗ್ರೀಕ್‌ನಲ್ಲಿ ನಕಲು ಮಾಡಿಕೊಂಡಿದ್ದಾರೆ. ಕನ್ನಡದ ಓದುಗರಿಗೆ ಆಕ್ಸಿರಿಂಕಸ್ ಹೆಸರು ಪರಿಚಿತವಾದದ್ದು ಅಲ್ಲೇ ಸಿಕ್ಕ ಗ್ರೀಕ್ ಪ್ರಹಸನದಿಂದ. ಅದರಲ್ಲಿ ಕನ್ನಡದ ಮಾತುಗಳಿವೆಯೇ ಎಂಬ ಚರ್ಚೆ ಜರ್ಮನ್ ವಿದ್ವಾಂಸ ಹುಲ್ಟ್ಷ್ ಅವರಿಂದ ಮೊದಲಾಗಿ ಗೋವಿಂದ ಪೈಗಳವರೆಗೆ ನಡೆದು ಇನ್ನೂ ತೀರ್ಮಾನವಾಗಿಲ್ಲ.

ಹರ್ಕ್ಯುಲೇನಿಯಂನಲ್ಲಿ ಲಿವಿ ಸಿಗಬಹುದೇ? ಸಿಕ್ಕಿರುವ ಸಂಗ್ರಹ ಒಬ್ಬ ಎಪಿಕ್ಯೂರಿಯನ್ನನ ಗ್ರೀಕ್ ಗ್ರಂಥಾಲಯ, ಅದರ ತೆರೆಯದ ಸುರುಳಿಗಳಲ್ಲೂ ಬಹುಪಾಲು ಅದೇ ಇರುತ್ತದೆ ಎಂದು ನಾನು ನಿರೀಕ್ಷಿಸುತ್ತೇನೆ. ಆದರೂ ಲ್ಯಾಟಿನ್ ಇಲ್ಲದೆ ಇಲ್ಲ. ಸೆನೆಕಾನ ಜೊತೆಗೆ, ಆಕ್ಟಿಯಂ ಯುದ್ಧ ಮತ್ತು ಕ್ಲಿಯೋಪಾತ್ರಳ ಕೊನೆಯನ್ನು ಕುರಿತ ಒಂದು ಕಾವ್ಯವೂ ಅಲ್ಲೇ ಸಿಕ್ಕಿದೆ. ರೋಮ್‌ನ ಇತ್ತೀಚಿನ ಇತಿಹಾಸದ ಬಗ್ಗೆ ಆ ಮನೆಯವರಿಗೆ ಆಸಕ್ತಿಯಿತ್ತು ಎಂಬುದಂತೂ ನಿಜ. 1990ರ ದಶಕದ ಉತ್ಖನನದಲ್ಲಿ ಬಂಗಲೆಯ ಕೆಳ ಅಂತಸ್ತುಗಳು ಬೆಳಕಿಗೆ ಬಂದವು, ಬಂಗಲೆಯನ್ನು ಇನ್ನೂ ಪೂರ್ತಿ ಅಗೆದಿಲ್ಲ. ಆದರೆ ಲಿವಿಯ ಒಂದು ಪುಸ್ತಕಕ್ಕೆ ಸ್ಥೂಲವಾಗಿ ಒಂದು ಸುರುಳಿ ಬೇಕು. ಸಿಕ್ಕರೂ ಸಿಗುವುದು ಬಿಡಿ ಸುರುಳಿ, 107 ಪುಸ್ತಕಗಳ ಸಾಲಲ್ಲ.

ಸದ್ಯಕ್ಕೆ ನೀವು ಗಮನವಿಡಬೇಕಾದದ್ದು ಹೆಸರುಗಳ ಕಡೆಗೆ. 2025ರ ಮೇ ತಿಂಗಳಲ್ಲಿ, ಆಕ್ಸ್‌ಫರ್ಡ್‌ನ ಬೋಡ್ಲಿಯನ್ ಗ್ರಂಥಾಲಯದ ಪಿ.ಹರ್ಕ್. 172 ಎಂಬ ಸುರುಳಿಯನ್ನು ಬಿಚ್ಚದೆಯೇ, ಅದರ ಒಳತುದಿಯಲ್ಲಿ ಕರ್ತೃ ಮತ್ತು ಗ್ರಂಥದ ಹೆಸರನ್ನು ಓದಿರುವುದಾಗಿ ಪ್ರಕಟಿಸಿದರು: ಫಿಲೊಡೀಮಸ್, 'ದುರ್ಗುಣಗಳ ಕುರಿತು'. ಇದೊಂದು ಮುಖ್ಯ ಬದಲಾವಣೆ. ಇಡೀ ಸುರುಳಿಯನ್ನು ಓದುವ ಮೊದಲೇ ಅದರೊಳಗೆ ಯಾವ ಗ್ರಂಥವಿದೆ ಎಂದು ತಿಳಿಯಬಹುದಾದರೆ, ನೂರಾರು ಮುಚ್ಚಿದ ಸುರುಳಿಗಳಲ್ಲಿ ಲ್ಯಾಟಿನ್ ಯಾವುದು, ಇತಿಹಾಸ ಯಾವುದು ಎಂದು ಮೊದಲೇ ಬೇರ್ಪಡಿಸಿ, ಸಿಂಕ್ರೊಟ್ರಾನ್‌ನ ದುಬಾರಿ ಸಮಯವನ್ನೂ ತಜ್ಞರ ಶ್ರಮವನ್ನೂ ಅವುಗಳಿಗೆ ಮೊದಲು ಕೊಡಬಹುದು. ಮುಂದಿನ ವರ್ಷಗಳಲ್ಲಿ ಸುದ್ದಿ ಬಂದಾಗ ಎಷ್ಟು ಅಕ್ಷರ ಓದಿದರು ಎಂಬುದಕ್ಕಿಂತ ಮೊದಲು, ಒಳತುದಿ ಸಿಕ್ಕಿತೇ, ಅದರಲ್ಲಿ ಯಾವ ಹೆಸರಿದೆ ಎಂದು ನೋಡಿ.